ಡೈಲಾಗ್ ಬಾಕ್ಸಿಗೆ ಅಕ್ಷರದ ಲೆಕ್ಕ

"ಬರ್ಲತ್ತೀನ್ರಿ" ಎಂಬ ಮಾತು ಕಂಪ್ಯೂಟರಿನ ಎಣಿಕೆಯಲ್ಲಿ 12, ಬಾಯಲ್ಲಿ ನಾಲ್ಕೇ: ಬ, ರ್ಲ, ತ್ತೀ, ನ್ರಿ. "ಕಲಬುರಗಿ" ಕಂಪ್ಯೂಟರಿಗೆ 7, ಬಾಯಲ್ಲಿ 5. ಆಟದ ಡೈಲಾಗ್ ಬಾಕ್ಸಿನಲ್ಲಿ ಸೆಕೆಂಡಿಗೆ 30 ಕೋಡ್‌ಪಾಯಿಂಟ್ (ಕಂಪ್ಯೂಟರ್ ಎಣಿಸುವ ಒಂದೊಂದು ಬಿಡಿ ಚಿಹ್ನೆ) ವೇಗ ಇಟ್ಟರೆ ಮೊದಲನೆಯದು ಮೂಡಲು 0.4 ಸೆಕೆಂಡು ಬೇಕು, ಎರಡನೆಯದಕ್ಕೆ 0.23 ಸಾಕು. ನಾಲ್ಕಕ್ಷರದ ಮಾತು ತೆವಳುತ್ತದೆ, ಐದಕ್ಷರದ ಊರು ಓಡುತ್ತದೆ. ಚಿತ್ರದ ಜೊತೆ ಮಾತು ಓದುತ್ತ ಆಡುವ ವಿಷುಯಲ್ ನಾವೆಲ್‌ಗಳಲ್ಲಿ ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಟೈಪ್‌ರೈಟರ್ ಪರಿಣಾಮ ಕನ್ನಡಕ್ಕೆ ಬಂದಾಗ ಮುಗ್ಗರಿಸಿದಂತೆ ಕಾಣುವುದಕ್ಕೆ ಇದೇ ಮೂಲ. ನಮ್ಮ ಭಾಗದ ಆಡುಮಾತಿನಲ್ಲಿ ಒತ್ತಕ್ಷರ ಹೆಚ್ಚು. ಪುಸ್ತಕದ ಕನ್ನಡದಲ್ಲಿ ಅಷ್ಟಾಗಿ ಗೊತ್ತಾಗದ ದೋಷ, ಬೀದರದ ಪಾತ್ರ ಬಾಯಿ ತೆರೆದ ಕೂಡಲೇ ಎದ್ದು ಕಾಣುತ್ತದೆ.

ಬೀದರ್ ಕೋಟೆಯ ಹಿನ್ನೆಲೆಯ ಒಂದು ಸಣ್ಣ ಆಟಕ್ಕಾಗಿ ಗೊಡೋ 4 ಎಂಬ ಗೇಮ್ ಎಂಜಿನ್‌ನಲ್ಲಿ ಈ ಬಾಕ್ಸನ್ನು ಕಟ್ಟಿದ್ದು. ಪರದೆ 1280×720, ಬಾಕ್ಸ್ 1120×190, ಅಕ್ಷರದ ಅಳತೆ 30, ಸಾಲಿನ ಎತ್ತರ 46. ಮೂರು ಸಾಲಿಗೆ 138, ಮೇಲೆ ಕೆಳಗೆ 24ರಂತೆ ಅಂಚು, ಒಟ್ಟು 186. ಇಂಗ್ಲಿಷಿಗೆ ಸಾಲಿನ ಎತ್ತರ 38 ಇದ್ದರೂ ನಡೆಯುತ್ತಿತ್ತು. ಕನ್ನಡಕ್ಕೆ ಅಷ್ಟು ಸಾಲದು, "ರಾಷ್ಟ್ರ"ದಂಥ ಪದದಲ್ಲಿ ಎರಡು ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಕೊನೆಯ ಸಾಲಿನಲ್ಲಂತೂ ಬಾಕ್ಸಿನ ಅಂಚು ಅವನ್ನು ಕತ್ತರಿಸಿಯೇ ಬಿಡುತ್ತದೆ. ಅಳತೆ ನೋಡಲು "ರಾಷ್ಟ್ರ, ಸ್ತ್ರೀ, ತೀಕ್ಷ್ಣ" ಎಂಬ ಮೂರು ಪದಗಳನ್ನು ಮೂರೂ ಸಾಲಿನಲ್ಲಿ ತುಂಬಿಟ್ಟು ನೋಡುತ್ತೇನೆ. ಅವು ಹಿಡಿಸಿದರೆ ಉಳಿದದ್ದೆಲ್ಲ ಹಿಡಿಸುತ್ತದೆ.

ಮೊದಲು ಮಾತು ಮೂಡುವ ಬಗೆ. ಮಾತನ್ನು ಪರದೆಗೆ ತರುವ ಗೊಡೋದ ರಿಚ್‌ಟೆಕ್ಸ್ಟ್‌ಲೇಬಲ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಎಂಬ ಗುಣವಿದೆ, ಅದರ ಸಂಖ್ಯೆ ಏರಿಸುತ್ತ ಹೋದರೆ ಮಾತು ಮೂಡುತ್ತದೆ. ಅದರ ಪಕ್ಕದಲ್ಲೇ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಎಂಬ ಇನ್ನೊಂದಿದೆ. ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ, ತೊಂದರೆ ಇರುವುದು ಅಲ್ಲೇ. ಮೊದಲೇ ಇರುವ ಆಯ್ಕೆ "ಶೇಪಿಂಗ್‌ಗೆ ಮುಂಚೆ". ಅಂದರೆ ಎಂಜಿನ್ ವಾಕ್ಯವನ್ನು ಮೊದಲು ಕತ್ತರಿಸುತ್ತದೆ, ಆಮೇಲೆ ಉಳಿದ ತುಂಡಿಗೆ ಅಕ್ಷರರೂಪ ಕೊಟ್ಟು ಸಾಲಿಗೆ ಜೋಡಿಸುತ್ತದೆ. ಇದರಿಂದ ಎರಡು ಕೇಡು. ಸಾಲಿನ ಕೊನೆಯಲ್ಲಿ ಶುರುವಾದ ಪದ ಅರ್ಧ ಮೂಡಿದ ಮೇಲೆ ಜಾಗ ಸಾಲದೆ ಕೆಳಗಿನ ಸಾಲಿಗೆ ಹಾರುತ್ತದೆ. ಜೊತೆಗೆ "ಸೂರ್ಯ" ಎಂಬ ಪದ ಸೂ, ಸೂರ, ಸೂರ್ ಎಂದು ಬಂದು, ಕೊನೆಗೆ ಆ ರ ಮಾಯವಾಗಿ ಯ ಬಂದು, ಅದರ ಮಗ್ಗುಲಲ್ಲಿ ಅರ್ಕಾವತ್ತು ಕೂರುತ್ತದೆ. ಓದುವವರ ಕಣ್ಣು ಹಿಡಿದ ಅಕ್ಷರ ಕಣ್ಣೆದುರೇ ಬದಲಾಗುತ್ತದೆ.

ಆ ಆಯ್ಕೆಯನ್ನು "ಶೇಪಿಂಗ್ ಆದ ಮೇಲೆ" ಎಂದು ಬದಲಿಸಿದರೆ ಇಡೀ ವಾಕ್ಯ ಮೊದಲೇ ಸಾಲಿಗೆ ಕೂರುತ್ತದೆ, ಆಮೇಲೆ ತೆರೆ ಸರಿಸಿದಂತೆ ಕಾಣಿಸುತ್ತದೆ. ಪದ ಹಾರುವುದು ನಿಂತಿತು. ಆದರೆ ಲಯ ಸರಿಯಾಗಲಿಲ್ಲ, ಎಣಿಕೆ ಇನ್ನೂ ಕೋಡ್‌ಪಾಯಿಂಟಿನದೇ. "ಸ್ತ್ರೀ" ಎಂಬ ಒಂದಕ್ಷರ ಆರು ಎಣಿಕೆ ತಿನ್ನುತ್ತದೆ, "ಅ" ಒಂದೇ.

ಇದಕ್ಕೆ ಸಿದ್ಧ ಗ್ರಾಫೀಮ್ ಲೈಬ್ರರಿ (ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಒಡೆಯುವ ಕೋಡ್) ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಲದು. ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಹಿಡಿಯುವ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಆ ನಿಯಮದಂತೆ ನಡೆಯುವ ಲೈಬ್ರರಿ ತೆಲುಗಿನ ಕ್ಷವನ್ನು ಒಂದೆಂದು ಎಣಿಸಿ, ಕನ್ನಡದ "ಕ್ಷ"ವನ್ನು ಕ್ ಮತ್ತು ಷ ಎಂದು ಎರಡು ಮಾಡುತ್ತದೆ. ಪಕ್ಕದ ಮನೆಗೆ ಬಂದ ನಲ್ಲಿ ನಮ್ಮ ಮನೆಗೆ ಬಂದಿಲ್ಲ ಅಷ್ಟೆ. ಬಾವಿ ನಾವೇ ತೋಡಿಕೊಳ್ಳಬೇಕು.

ತೋಡುವುದು ಕಷ್ಟವೇನಲ್ಲ, ನಿಯಮ ಚಿಕ್ಕದು. ಒಂದು ವ್ಯಂಜನ ಹಿಡಿ. ಅದರ ನಂತರ ನುಕ್ತಾ (ಫ಼, ಜ಼ದಲ್ಲಿರುವ ಚುಕ್ಕಿ ಗುರುತು) ಇದ್ದರೆ ಸೇರಿಸು. ಆಮೇಲೆ ವಿರಾಮವೂ (ವ್ಯಂಜನವನ್ನು ಅರೆ ಮಾಡುವ ಗುರುತು) ಇನ್ನೊಂದು ವ್ಯಂಜನವೂ ಒಟ್ಟಿಗೆ ಬರುವಷ್ಟು ಸಲ ಸೇರಿಸುತ್ತ ಹೋಗು. ಕೊನೆಗೆ ಸ್ವರಚಿಹ್ನೆ ಅಥವಾ ಒಂಟಿ ವಿರಾಮ, ಸ್ವರಚಿಹ್ನೆಯಿರಲಿ ಬಿಡಲಿ ಅದರ ಮೇಲೆ ಅನುಸ್ವಾರ ಅಥವಾ ವಿಸರ್ಗ. ಸ್ವತಂತ್ರ ಸ್ವರವಾದರೆ ಅದೂ ಅದರ ಅನುಸ್ವಾರವೂ ಒಂದು ಅಕ್ಷರ. ಇವಾವುದೂ ಅಲ್ಲದ್ದು, ಅಂದರೆ ಅಂಕಿ, ಚಿಹ್ನೆ, ಖಾಲಿ ಜಾಗ, ಒಂದೊಂದೂ ಬೇರೆ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಇದು ಒಂದೇ ಸಾಲು.

ತಪ್ಪುವುದು ಎರಡು ಕಡೆ, ಎರಡೂ ಕಣ್ಣಿಗೆ ಕಾಣದ ಚಿಹ್ನೆಗಳಿಂದ. "ರ‍್ಯಾಂಕ್" ಪದದಲ್ಲಿ ರ ಅರ್ಕಾವತ್ತಾಗದೆ ಪೂರ್ತಿಯಾಗಿ ನಿಲ್ಲಲು ರ ಮತ್ತು ವಿರಾಮದ ನಡುವೆ ಜೋಡಿಸುವ ಶೂನ್ಯಚಿಹ್ನೆ, ಅಂದರೆ ಜಡ್‌ಡಬ್ಲ್ಯೂಜೆ, ಇರುತ್ತದೆ. ನಿಯಮದಲ್ಲಿ ಅದಕ್ಕೆ ಜಾಗ ಕೊಡದಿದ್ದರೆ ಬರೀ ರ ಮೊದಲು ಬಂದು, ಯಾ ಒತ್ತು ತಡವಾಗಿ ಅಂಟಿಕೊಳ್ಳುತ್ತದೆ. "ಬಸ್‌ಸ್ಟ್ಯಾಂಡ್" ಪದದಲ್ಲಿ ಬಿಡಿಸುವ ಶೂನ್ಯಚಿಹ್ನೆ ವಿರಾಮದ ನಂತರ ಇರುತ್ತದೆ, ಅಲ್ಲಿ ಅಕ್ಷರ ಮುಗಿಯಬೇಕು. ನಿಯಮ ಬರೆದ ಮೇಲೆ ಈ ಪದಗಳನ್ನು ಓಡಿಸಿ ಎಣಿಕೆ ನೋಡಿ: ಸ್ತ್ರೀ 1, ಸೂರ್ಯ 2, ರಾಷ್ಟ್ರ 2, ದುಃಖ 2, ರ‍್ಯಾಂಕ್ 2, ಬಸ್‌ಸ್ಟ್ಯಾಂಡ್ 4. ಒಂದು ತಪ್ಪಿದರೂ ಮುಂದೆ ಹೋಗಬೇಡಿ.

ಬಣ್ಣ, ದಪ್ಪಕ್ಷರದ ಟ್ಯಾಗುಗಳಿರುವ ಮಾತನ್ನು ನೇರವಾಗಿ ಒಡೆದರೆ ಟ್ಯಾಗೂ ಎಣಿಕೆಗೆ ಸೇರುತ್ತದೆ. ಲೇಬಲ್‌ಗೆ ಮಾತು ಕೊಟ್ಟ ಮೇಲೆ, ಟ್ಯಾಗ್ ತೆಗೆದ ಪಾಠವನ್ನು ಗೆಟ್ ಪಾರ್ಸ್ಡ್ ಟೆಕ್ಸ್ಟ್ ಮೂಲಕ ವಾಪಸು ಪಡೆದು ಅದನ್ನೇ ಒಡೆಯಬೇಕು. ಪ್ರತಿ ಅಕ್ಷರ ಎಲ್ಲಿ ಮುಗಿಯುತ್ತದೆ ಎಂಬ ಸಂಖ್ಯೆಗಳ ಪಟ್ಟಿ ಸಿಗುತ್ತದೆ. ಕಲಬುರಗಿಗೆ 1, 2, 4, 5, 7. ವಿಸಿಬಲ್ ಕ್ಯಾರೆಕ್ಟರ್ಸ್ ಈ ಮೆಟ್ಟಿಲುಗಳ ಮೇಲೆ ಮಾತ್ರ ಕಾಲಿಡುತ್ತದೆ.

ಈಗ ವೇಗ. ಸೆಕೆಂಡಿಗೆ 20 ಅಕ್ಷರ, ಅಂದರೆ ಅಕ್ಷರಕ್ಕೆ 50 ಮಿಲಿಸೆಕೆಂಡು. 60 ಫ್ರೇಮಿನ ಪರದೆಯಲ್ಲಿ ಅದು ಸರಿಯಾಗಿ ಮೂರು ಫ್ರೇಮು, ಹಾಗಾಗಿ ನಡಿಗೆ ಸಮವಾಗಿ ಕಾಣುತ್ತದೆ. 40 ಮಿಲಿಸೆಕೆಂಡು ಇಟ್ಟರೆ ಒಮ್ಮೆ ಎರಡು, ಒಮ್ಮೆ ಮೂರು ಫ್ರೇಮಾಗಿ ಸಣ್ಣಗೆ ಕುಂಟುತ್ತದೆ. ಇದಕ್ಕೆ ಟೈಮರ್ ನೋಡ್ ಬಳಸಬೇಡಿ. 0.05 ಸೆಕೆಂಡಿಗಿಂತ ಕಡಿಮೆ ಅವಧಿಗೆ ಅದು ಫ್ರೇಮ್‌ರೇಟಿನ ಮರ್ಜಿಯಲ್ಲಿರುತ್ತದೆ, ಆಟಗಾರರು ವೇಗ ಹೆಚ್ಚಿಸಿದ ಕೂಡಲೇ ನೀವು ಆ ಗೆರೆಯ ಕೆಳಗೆ ಇಳಿಯುತ್ತೀರಿ. ಪ್ರತಿ ಫ್ರೇಮಿನ ಡೆಲ್ಟಾ (ಹಿಂದಿನ ಫ್ರೇಮಿನಿಂದ ಕಳೆದ ಹೊತ್ತು) ಕೂಡಿಸುತ್ತ ಹೋಗಿ, ಸಾಕಷ್ಟು ಜಮೆಯಾದಾಗ ಮೆಟ್ಟಿಲೇರಿ, ಉಳಿದ ಚಿಲ್ಲರೆಯನ್ನು ಎಸೆಯದೆ ಮುಂದಕ್ಕೆ ಒಯ್ಯಿರಿ.

ಎಲ್ಲ ಅಕ್ಷರಕ್ಕೂ ಒಂದೇ ಹೊತ್ತು ಕೊಡಬೇಕೆ? ಛಂದಸ್ಸಿನ ಲೆಕ್ಕ ತಾನೇ ತಲೆಗೆ ಬರುತ್ತದೆ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅದನ್ನೂ ಹಾಕಿ ನೋಡಿದೆ. ಮಾವಿನಹಣ್ಣು ಮಾರುವವಳೂ ಷಟ್ಪದಿ ಓದಿದಂತೆ ಮಾತಾಡತೊಡಗಿದಳು. ಕೊನೆಗೆ ಉಳಿದದ್ದು ಇಷ್ಟು: ದೀರ್ಘಕ್ಕೆ ಕಾಲು ಪಾಲು ಹೆಚ್ಚು, ಪದದ ಕೊನೆಯ ಅರೆ ವ್ಯಂಜನಕ್ಕೆ ಅರ್ಧ ಹೊತ್ತು. ಅಷ್ಟರಿಂದ ಮೂರು ಫ್ರೇಮಿನ ಸಮತೆ ಅಲ್ಲಲ್ಲಿ ಒಡೆಯುತ್ತದೆ ನಿಜ, ಆದರೆ ಆ ಏರುಪೇರು ಮಾತಿನದು, ಹಾಗಾಗಿ ಕುಂಟಿದಂತೆ ಕಾಣುವುದಿಲ್ಲ.

ಅಲ್ಪವಿರಾಮಕ್ಕೆ 150 ಮಿಲಿಸೆಕೆಂಡು ನಿಲುಗಡೆ, ಪೂರ್ಣವಿರಾಮಕ್ಕೂ ಪ್ರಶ್ನೆಗೂ 300, ಮೂರು ಚುಕ್ಕಿಯಲ್ಲಿ ಒಂದೊಂದಕ್ಕೆ 120. ಒಂಟಿ ಚುಕ್ಕಿಯಾದರೆ ಅದರ ಮುಂದೆ ಖಾಲಿ ಜಾಗ ಇದ್ದರೆ ಮಾತ್ರ ನಿಲ್ಲಬೇಕು, ಇಲ್ಲವಾದರೆ "1.5 ಕಿಲೋಮೀಟರ್" ನಡುದಾರಿಯಲ್ಲಿ ನಿಂತುಬಿಡುತ್ತದೆ. "ಡಾ." ಎಂಬುದಕ್ಕೆ ವಿನಾಯಿತಿ ಪಟ್ಟಿಯೇ ಬೇಕು. ಮಾತಿನ ಕೊನೆಯ ಚುಕ್ಕಿಗೆ ನಿಲುಗಡೆ ಬೇಡ. ಅಲ್ಲಿ 300 ಮಿಲಿಸೆಕೆಂಡು ಕಾಯಿಸಿದರೆ ಆಟಗಾರರ ಬೆರಳಿಗೆ ಬಾಕ್ಸ್ ಮಂದ ಅನ್ನಿಸುತ್ತದೆ. ಸದ್ದಿನ ಟಿಕ್ ಹಾಕುವುದಾದರೆ ಎರಡು ಅಕ್ಷರಕ್ಕೊಂದು, ಪಿಚ್ 5 ಪ್ರತಿಶತ ಮೇಲೆ ಕೆಳಗೆ, ಖಾಲಿ ಜಾಗಕ್ಕೆ ಸದ್ದಿಲ್ಲ.

ಇನ್ನು ಬಾಕ್ಸಿನ ಚಲನೆ. ಚೌಕಟ್ಟಿಗೆ ಬಿದ್ರಿ ಕೆಲಸದ ಮಾದರಿ: ಕಪ್ಪು ನೆಲ, ಬೆಳ್ಳಿ ತಂತಿಯ ಬಳ್ಳಿ. 192 ಪಿಕ್ಸೆಲ್ ಚದರದ ಚಿತ್ರ, ಮೂಲೆಗಳು 56ರಂತೆ, ನಡುವೆ ಉಳಿದ 80 ಪಿಕ್ಸೆಲ್ ಬಳ್ಳಿ ಮರುಕಳಿಸುತ್ತದೆ, ಮೂಲೆ ಹಾಗೇ ಉಳಿಸಿ ನಡುಭಾಗ ತುಂಬುವ ನೈನ್‌ಪ್ಯಾಚ್‌ನಲ್ಲಿ ಟೈಲ್ ಫಿಟ್ ಆಯ್ಕೆ. ಈ ಚೌಕಟ್ಟನ್ನು ಸ್ಕೇಲ್ ಮಾಡಿ ಅರಳಿಸಿದರೆ ತಂತಿ ಒಮ್ಮೆ ದಪ್ಪ, ಒಮ್ಮೆ ಸಣ್ಣ ಆಗಿ ಮಿನುಗುತ್ತದೆ. ಸ್ಕೇಲ್ ಬಿಟ್ಟು ಅಗಲವನ್ನೇ ಹೆಚ್ಚಿಸುತ್ತ ಹೋದರೆ ಇನ್ನೂ ಕೆಟ್ಟದು. ಟೈಲ್ ಫಿಟ್ ಅಗಲಕ್ಕೆ ತಕ್ಕಂತೆ ಬಳ್ಳಿಯ ಎಣಿಕೆಯನ್ನು ಬದಲಿಸುವುದರಿಂದ ಹೂಗಳು ಜಾಗದಿಂದ ಜಾಗಕ್ಕೆ ನೆಗೆಯುತ್ತವೆ. ಬಳ್ಳಿಬಳ್ಳಿಯ ಚೌಕಟ್ಟಿಗೆ ಒಗ್ಗುವುದು ಸರಿಯುವಿಕೆ ಮಾತ್ರ: 24 ಪಿಕ್ಸೆಲ್ ಕೆಳಗಿನಿಂದ ಮೇಲಕ್ಕೆ, ಜೊತೆಗೆ ಅಪಾರದರ್ಶಕತೆ 0ಯಿಂದ 1ಕ್ಕೆ, 0.18 ಸೆಕೆಂಡಿನಲ್ಲಿ, ಕ್ಯೂಬಿಕ್, ಈಸ್ ಔಟ್ (ಶುರುವಿಗೆ ವೇಗ, ಕೊನೆಗೆ ನಿಧಾನ). ಹೋಗುವಾಗ 0.12, ಈಸ್ ಇನ್ (ಅದರ ತಿರುವುಮುರುವು). ಬರುವುದಕ್ಕಿಂತ ಹೋಗುವುದು ಬೇಗ ಇರಲಿ. ತಂತಿ 2 ಪಿಕ್ಸೆಲ್‌ಗಿಂತ ತೆಳುವಾದರೆ ಸರಿಯುವಾಗಲೂ ನಡುಗುತ್ತದೆ.

ರೆನ್‌ಪೈ ಎಂಬ ವಿಷುಯಲ್ ನಾವೆಲ್ ಎಂಜಿನ್ ಬಳಸುವವರು ಇಲ್ಲಿ ಎಚ್ಚರ. ಅಲ್ಲಿ ಈಸ್‌ಇನ್ ಎಂದರೆ ವೇಗವಾಗಿ ಶುರುವಾಗಿ ನಿಧಾನಕ್ಕೆ ನಿಲ್ಲುವುದು, ಗೊಡೋದಲ್ಲಿ ಅದರ ಹೆಸರು ಈಸ್ ಔಟ್. ಹೆಸರನ್ನು ಹಾಗೇ ನಕಲು ಮಾಡಿದರೆ ಬಾಕ್ಸ್ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಅಲ್ಲಿನ ಸ್ಕ್ರೀನ್ ಕೋಡ್ ಮುಂಗಾಣಿಕೆಗಾಗಿ ಹಲವು ಸಲ ಓಡುತ್ತದೆ, ಆದ್ದರಿಂದ ಹಿಂದೆ ಯಾರು ಮಾತಾಡಿದರು ಎಂಬ ಲೆಕ್ಕವನ್ನು ಸ್ಕ್ರೀನಿನ ಒಳಗೆ ಬರೆಯಬಾರದು, ಪಾತ್ರದ ಕಾಲ್‌ಬ್ಯಾಕ್‌ನಲ್ಲಿ ಬರೆಯಬೇಕು.

ಆ ಲೆಕ್ಕ ಎರಡೂ ಎಂಜಿನ್‌ಗೆ ಬೇಕು. ಪ್ರತಿ ಮಾತಿಗೂ ಬಾಕ್ಸ್ ಎದ್ದು ಬಂದರೆ ಹತ್ತು ಮಾತಿನಲ್ಲಿ ತಲೆ ಸುತ್ತುತ್ತದೆ. ಬಾಕ್ಸ್ ಮರೆಯಾಗಿದ್ದಾಗ ಮಾತ್ರ ಪೂರ್ತಿ ಪ್ರವೇಶ. ಮಾತಾಡುವವರು ಬದಲಾದರೆ ಹೆಸರಿನ ಪಟ್ಟಿ ಮಾತ್ರ 0.12 ಸೆಕೆಂಡಿನಲ್ಲಿ ಬದಲಾಗಲಿ. ಅವರೇ ಮುಂದುವರಿದರೆ ಏನೂ ಅಲುಗುವುದು ಬೇಡ.

ಬಾಕ್ಸನ್ನು ವಿಬಾಕ್ಸ್ ಅಥವಾ ಮಾರ್ಜಿನ್ ಕಂಟೇನರ್ ಒಳಗೆ ನೇರವಾಗಿ ಇಟ್ಟರೆ ಸರಿಯುವಿಕೆ ಕೆಲಸ ಮಾಡದು. ಕಂಟೇನರ್ ತನ್ನ ಮಕ್ಕಳನ್ನು ಮತ್ತೆ ಜೋಡಿಸಿದಾಗಲೆಲ್ಲ ಅವುಗಳ ಸ್ಥಾನವನ್ನು ತನ್ನ ಲೆಕ್ಕಕ್ಕೆ ತರುತ್ತದೆ. ನಡುವೆ ಒಂದು ಖಾಲಿ ಕಂಟ್ರೋಲ್ ನೋಡ್ ಇಟ್ಟು ಅದರೊಳಗಿನ ಬಾಕ್ಸನ್ನು ಸರಿಸಿ. ಪ್ರವೇಶ ನಡೆಯುವಾಗಲೇ ಆಟಗಾರರು ಒತ್ತಿದರೆ ಹಳೆಯ ಟ್ವೀನ್ (ಚಲನೆಯನ್ನು ನಡೆಸುವ ವಸ್ತು) ಕೊಂದು, ಕೊನೆಯ ಬೆಲೆಗಳನ್ನು ಕೈಯಾರೆ ಹಾಕಿ, ಆಮೇಲೆ ಹೊಸದನ್ನು ಹುಟ್ಟಿಸಿ. ಹಾಗೆ ಮಾಡದಿದ್ದರೆ ಎರಡು ಟ್ವೀನ್ ಒಂದೇ ಗುಣಕ್ಕೆ ಜಗ್ಗಾಡಿ ಬಾಕ್ಸಿನ ಚಲನೆ ಕೆಡುತ್ತದೆ. ಮೊದಲ ಒತ್ತು ಮಾತನ್ನು ಪೂರ್ತಿ ತೋರಿಸಲಿ, ಎರಡನೆಯದು ಮುಂದಕ್ಕೆ ಒಯ್ಯಲಿ, ಇವೆರಡರ ನಡುವೆ 150 ಮಿಲಿಸೆಕೆಂಡು ಕಿವುಡಾಗಿರಲಿ.

ಕೂಗಾಟ, ನಡುಕಕ್ಕೆ ಅಕ್ಷರಗಳನ್ನೇ ಅಲುಗಿಸುವ ಆಸೆ ಸಹಜ. ಸ್ವಂತ ರಿಚ್‌ಟೆಕ್ಸ್ಟ್ ಪರಿಣಾಮ ಬರೆಯುವಾಗ ಎಂಜಿನ್ ಕೈಗೆ ಕೊಡುವುದು ಗ್ಲಿಫ್, ಅಂದರೆ ಫಾಂಟಿನ ಒಂದೊಂದು ಬಿಡಿ ಚಿತ್ರ, ಅಕ್ಷರ ಅಲ್ಲ. "ಕ್ಕ"ದ ಮೇಲಿನ ಕ ಎಡಕ್ಕೂ ಒತ್ತು ಬಲಕ್ಕೂ ಹೋದರೆ ಅಕ್ಷರ ಮುರಿದು ಬಿದ್ದಂತೆ. ಗ್ಲಿಫ್‌ನ ರೇಂಜ್ ನೋಡಿ ಅದು ಮೆಟ್ಟಿಲು ಪಟ್ಟಿಯ ಯಾವ ಅಕ್ಷರಕ್ಕೆ ಸೇರಿದ್ದೆಂದು ಹುಡುಕಿ, ಆ ಅಕ್ಷರದ ಎಲ್ಲ ಗ್ಲಿಫ್‌ಗಳಿಗೂ ಒಂದೇ ಸರಿತ ಕೊಡಬೇಕು. ಬಹಳ ಸಲ ಇಡೀ ಬಾಕ್ಸನ್ನು 5 ಪಿಕ್ಸೆಲ್, 0.25 ಸೆಕೆಂಡು ಅದುರಿಸಿದರೇ ಸಾಕು, ನನಗೆ ಅದೇ ಹೆಚ್ಚು ಹಿಡಿಸುತ್ತದೆ. "ಏಯ್, ಎಲ್ಲಿಗ್ ಹೊಂಟೀರಿ?" ಎಂಬ ಗದರಿಕೆಗೆ ಅಷ್ಟು ಬೇಕಾದಷ್ಟಾಯಿತು.

ಬೀದರದ ಕಥೆಯಲ್ಲಿ ಉರ್ದು ಮಾತು ಬಂದೇ ಬರುತ್ತದೆ. ಟೆಕ್ಸ್ಟ್ ಡೈರೆಕ್ಷನ್ ಆಟೋ ಇಟ್ಟರೆ ಸಾಲು ಬಲದಿಂದ ಶುರುವಾಗುತ್ತದೆ. ನಸ್ತಲೀಖ್ ಬರಹ ಓರೆಯಾಗಿ ಇಳಿಯುವುದರಿಂದ ಅದೇ ಬಾಕ್ಸಿನಲ್ಲಿ ಮೂರರ ಬದಲು ಎರಡೇ ಸಾಲು ಹಿಡಿಸುತ್ತದೆ, ಮಾತನ್ನು ಬರೆಯುವಾಗಲೇ ತುಂಡು ಮಾಡಿಕೊಳ್ಳಬೇಕು. ಅಲ್ಲಿ ಅಕ್ಷರಕ್ಕೆ ಬದಲು ಪದಪದವಾಗಿ ಮೂಡಿಸುತ್ತೇನೆ. ಜೋಡುಬರಹ ನಡುವೆ ತುಂಡಾಗಿ ನಿಂತರೆ ಓದಲು ಬರುವವರಿಗೆ ಕಿರಿಕಿರಿ.

ಕಂಪ್ಯೂಟರಿನಲ್ಲಿ ನುಣ್ಣಗೆ ಓಡಿದ್ದು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ಮೊದಲ ನಾಲ್ಕಾರು ಮಾತುಗಳಿಗೆ ತಡವರಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಪ್ರತಿ ಗ್ಲಿಫ್ ಮೊದಲ ಸಲ ಬೇಕಾದಾಗ ಅದರ ಚಿತ್ರ ಅಲ್ಲೇ ತಯಾರಾಗುವುದು ಇದಕ್ಕೆ ಕಾರಣ. ಫಾಂಟಿನ ಅಡ್ವಾನ್ಸ್ಡ್ ಇಂಪೋರ್ಟ್‌ನಲ್ಲಿ ಪ್ರೀ ರೆಂಡರ್ ವ್ಯವಸ್ಥೆ ಇದೆ. ಅಲ್ಲಿ ಕ್ಯಾರೆಕ್ಟರ್ ಮ್ಯಾಪಿನಿಂದ ಕನ್ನಡ ಬ್ಲಾಕ್ ಆರಿಸಿದರೆ ಮೂಲಾಕ್ಷರಗಳಷ್ಟೇ ಬರುತ್ತವೆ. ಒತ್ತುಗಳಿಗೆ ಸ್ವಂತ ಕೋಡ್‌ಪಾಯಿಂಟ್ ಇಲ್ಲ, ಅವು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆಟದ ಎಲ್ಲ ಮಾತುಗಳನ್ನು ಒಂದು ಕಡತಕ್ಕೆ ಸೇರಿಸಿ, ಪಾಠದಿಂದ ಗ್ಲಿಫ್ ಆರಿಸುವ ಪುಟಕ್ಕೆ ಅಂಟಿಸಿ. ಮಾತುಗಳನ್ನು ತಿದ್ದಿದಾಗಲೆಲ್ಲ ಈ ಕೆಲಸ ಮತ್ತೆ ಮಾಡಬೇಕು, ಇಲ್ಲದಿದ್ದರೆ ಹೊಸದಾಗಿ ಸೇರಿಸಿದ "ತೀಕ್ಷ್ಣ" ಬಂದಲ್ಲಿ ಮತ್ತೆ ಅದೇ ತಡವರಿಕೆ.