ಆಟ ನಡೆಸಲು ಟ್ಯಾಬ್ಲೆಟ್ ಆರಿಸಿದ ಬಗೆ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಐದಾರು ಮಂದಿ ಮೇಜಿನ ಸುತ್ತ ಸೇರುತ್ತೇವೆ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಗಾಗ ಅದೇ ಜಾತಿಯ ಬೇರೆ ಆಟಗಳು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಪ್ರತಿ ಆಟಗಾರರೂ ಒಂದೊಂದು ಪಾತ್ರ ವಹಿಸುತ್ತಾರೆ. ಗೇಮ್ ಮಾಸ್ಟರ್ ಆದವರು ಕಥೆಯ ಲೋಕವನ್ನೂ ಅಲ್ಲಿ ಎದುರಾಗುವ ಎಲ್ಲರನ್ನೂ ನಡೆಸುತ್ತಾರೆ. ಫಲ ಏನಾಗುವುದೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕುತ್ತೇವೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಲಗೆಯಾಟಗಳನ್ನೂ ಗಂಜೀಫಾ ಎಲೆಗಳನ್ನೂ ತಾವೇ ರೂಪಿಸಿದ ಊರು ನಮ್ಮದು. ಹಾಗಾಗಿ ದಾಳ ಹಿಡಿದು ಗಂಟೆಗಟ್ಟಲೆ ಕೂರುವುದು ಇಲ್ಲಿನವರಿಗೆ ಹೊಸದೆಂದು ನನಗೆ ಎಂದೂ ಅನ್ನಿಸಿಲ್ಲ.

ನಮ್ಮ ಗುಂಪಿನಲ್ಲಿ ಆಟ ನಡೆಸುವವಳು ನಾನು. ಮೊದಲು ಆಟದ ಪುಸ್ತಕಗಳ ಪಿಡಿಎಫ್‌ಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದಿಟ್ಟುಕೊಂಡು ನಡೆಸುತ್ತಿದ್ದೆ. ಅದರ ಪರದೆ ನೆಟ್ಟಗೆ ನಿಂತು ನನಗೂ ಆಟಗಾರರಿಗೂ ಅಡ್ಡವಾಗುತ್ತದೆ. ಯಾರ ಮುಖದಲ್ಲಿ ಉತ್ಸಾಹ ಇಳಿಯುತ್ತಿದೆ, ಯಾರು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು ಎನ್ನುವುದು ಕಾಣದಿದ್ದರೆ ಈ ಆಟವನ್ನು ಚೆನ್ನಾಗಿ ನಡೆಸಲಾಗದು. ಮೇಜಿನ ಮೇಲೆ ಪುಸ್ತಕದ ಹಾಗೆ ಮಲಗಿರುವ ಸಾಧನ ಬೇಕೆನಿಸಿತು.

ಅಂಗಡಿಗೆ ಹೋಗುವ ಮೊದಲು ಸ್ಕೇಲ್ ಹಿಡಿದು ಪುಟಗಳನ್ನು ಅಳೆದೆ. ಈ ಆಟದ ದೊಡ್ಡ ಪುಸ್ತಕಗಳ ಪುಟ ಸುಮಾರು 8.5 ಇಂಚು ಅಗಲ, 11 ಇಂಚು ಎತ್ತರ. ಎರಡು ಅಂಕಣ, ಸಣ್ಣ ಅಕ್ಷರ, ನಡುನಡುವೆ ಕೋಷ್ಟಕ. ಚಿಕ್ಕ ಪ್ರಕಾಶಕರ ಆಟಗಳಲ್ಲಿ ಅನೇಕವು ಎ5 ಅಳತೆಯಲ್ಲಿ, ಅಂದರೆ ಅದರ ಅರ್ಧದಷ್ಟು ಪುಟದಲ್ಲಿ ಬರುತ್ತವೆ. ಎ5 ಪುಟದ ಕರ್ಣ ಹತ್ತು ಇಂಚಿಗೆ ಸ್ವಲ್ಪ ಹೆಚ್ಚು. ಹಾಗಾಗಿ ಅಂಥ ಆಟಗಳನ್ನು ಮಾತ್ರ ನಡೆಸುವವರಿಗೆ ಸಾಧಾರಣ ಹತ್ತು ಹನ್ನೊಂದು ಇಂಚಿನ ಯಾವ ಟ್ಯಾಬ್ಲೆಟ್ ಆದರೂ ಪುಟವನ್ನು ಹೆಚ್ಚು ಕಡಿಮೆ ಅದರ ಸಹಜ ಗಾತ್ರದಲ್ಲೇ ತೋರಿಸುತ್ತದೆ. ತೊಂದರೆ ಇರುವುದು ದೊಡ್ಡ ಪುಟದವರಿಗೆ.

ಇಲ್ಲಿ ಪರದೆಯ ಆಕಾರ ಮುಖ್ಯವಾಗುತ್ತದೆ. ಜಾಹೀರಾತಿನಲ್ಲಿ ಹೇಳುವುದು ಕರ್ಣದ ಅಳತೆ. ಪುಸ್ತಕ ಓದುವವರಿಗೆ ಬೇಕಾದದ್ದು ನೆಟ್ಟಗೆ ಹಿಡಿದಾಗಿನ ಅಗಲ. 11 ಇಂಚಿನ, 16:10 ಅನುಪಾತದ ಟ್ಯಾಬ್ಲೆಟ್ ಸಿನಿಮಾ ನೋಡಲೆಂದು ಉದ್ದುದ್ದವಾಗಿರುತ್ತದೆ. ನೆಟ್ಟಗೆ ಹಿಡಿದರೆ ಅದರ ಅಗಲ 5.8 ಇಂಚು ಮಾತ್ರ. 4:3 ಅನುಪಾತದ 10.2 ಇಂಚಿನ ಐಪ್ಯಾಡ್‌ನ ಅಗಲ 6.1 ಇಂಚು. ಹೆಸರಿಗೆ ಚಿಕ್ಕದಾದ ಪರದೆಯೇ ಪುಟವನ್ನು ದೊಡ್ಡದಾಗಿ ತೋರಿಸುತ್ತದೆ! ನಾನು ಹಳೆಯ ಕ್ಯಾಲೆಂಡರಿನ ರಟ್ಟನ್ನು ಈ ಅಳತೆಗಳಿಗೆ ಕತ್ತರಿಸಿ, ಅದೇ ಅಗಲಕ್ಕೆ ಕುಗ್ಗಿಸಿದ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ, ರಟ್ಟಿನ ಮೇಲೆ ಅಂಟಿಸಿದೆ. ಮೇಜಿನ ಮೇಲಿಟ್ಟು, ಟ್ಯೂಬ್‌ಲೈಟ್ ಬೆಳಕಿನಲ್ಲಿ, ಆಟದ ದಿನ ಕೂರುವಷ್ಟೇ ದೂರದಲ್ಲಿ ಕೂತು ಓದಿದೆ. 5.8 ಇಂಚಿನಲ್ಲಿ ಕೋಷ್ಟಕದ ಅಂಕಿಗಳಿಗೆ ಬಗ್ಗಬೇಕಾಯಿತು. ಆರೂವರೆ ಇಂಚು ದಾಟಿದ ಮೇಲೆ ಬಗ್ಗುವ ಅಗತ್ಯ ಬೀಳಲಿಲ್ಲ. ಕಣ್ಣು ಒಬ್ಬೊಬ್ಬರದು ಒಂದೊಂದು ಥರ. ಆದ್ದರಿಂದ ನನ್ನ ಅಂಕಿಯನ್ನು ಹಾಗೇ ತೆಗೆದುಕೊಳ್ಳದೆ ನೀವೇ ಒಮ್ಮೆ ರಟ್ಟು ಕತ್ತರಿಸಿ ನೋಡಿ.

ಎರಡನೆಯ ಸಂಗತಿ ರ್‍ಯಾಮ್. ಅದು ಯಾಕೆ ಬೇಕೆಂದು ತಿಳಿಯಲು ಆಟದ ಒಂದು ಕ್ಷಣವನ್ನು ಬಿಡಿಸಿ ನೋಡಬೇಕು. ತೂಗುಸೇತುವೆಯ ಮೇಲೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರೊಂದಿಗೆ ಕಾಳಗ ನಡೆಯುತ್ತಿದೆ. "ಅಂಚಿನಲ್ಲಿರುವ ಗಾಬ್ಲಿನ್‌ನನ್ನು ನಾನು ಕೆಳಗೆ ತಳ್ಳುತ್ತೇನೆ" ಎಂದು ಒಬ್ಬರು ಹೇಳುತ್ತಾರೆ. ಈ ಆಟದ 2014ರ ಆವೃತ್ತಿಯ ನಿಯಮದಂತೆ ತಳ್ಳುವವರು ಅಥ್ಲೆಟಿಕ್ಸ್ ಎಂಬ ಮೈಬಲದ ಕೌಶಲಕ್ಕೆ ದಾಳ ಹಾಕಬೇಕು, ಗಾಬ್ಲಿನ್ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್‌ನಿಂದ ಎದುರಿಸಬೇಕು. ಅದು ಕಾಳಗದ ಅಧ್ಯಾಯದಲ್ಲಿದೆ. ಗಾಬ್ಲಿನ್‌ನ ಬಲ ಕಡಿಮೆ, ಚುರುಕು ಹೆಚ್ಚು. ಚುರುಕಿನ ಕೌಶಲವಾದ ಅಕ್ರೊಬ್ಯಾಟಿಕ್ಸ್ ಆರಿಸಿದರೆ ಅದಕ್ಕೆ ಎರಡು ಅಂಕ ಕೂಡುತ್ತದೆ. ಇದು ಪ್ರಾಣಿಗಳ ವಿಭಾಗದಲ್ಲಿದೆ. ಕಂದಕ ಎಷ್ಟು ಆಳ? ಅಂದಿನ ಕಥೆ, ನಕ್ಷೆ ಇರುವ ಸಾಹಸದ ಪುಸ್ತಕ ನೋಡಬೇಕು. 20 ಅಡಿ ಎಂದಿದ್ದರೆ, ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳದಂತೆ ಎರಡು ದಾಳ. ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್ (ಏಟು ಬಿದ್ದಂತೆ ಕಳೆಯುತ್ತ ಹೋಗುವ ಜೀವದ ಅಂಕ), ಎರಡು ದಾಳದ ಸರಾಸರಿಯೂ 7. ಮೇಜಿನ ಸುತ್ತ ಎಲ್ಲರೂ ಉಸಿರು ಬಿಗಿಹಿಡಿದ ಹೊತ್ತಿನಲ್ಲಿ ನಾನು ಮೂರು ಕಡೆ ಹೋಗಿ ಬರಬೇಕು. ಆಗ ಟ್ಯಾಬ್ಲೆಟ್ ಒಂದು ಕಡತವನ್ನು ತಾನಾಗಿಯೇ ಮುಚ್ಚಿ, ಮತ್ತೆ ಮೊದಲ ಪುಟದಿಂದ ತೆರೆದರೆ ಆ ಬಿಸಿ ಆರಿಹೋಗುತ್ತದೆ. ರ್‍ಯಾಮ್ ಸಾಲದ ಸಾಧನಗಳು ಮಾಡುವುದು ಇದನ್ನೇ: ಹಿನ್ನೆಲೆಯಲ್ಲಿರುವ ಆ್ಯಪನ್ನು ಕೊಂದು ಜಾಗ ಮಾಡಿಕೊಳ್ಳುತ್ತವೆ. ಸಾಹಸದ ಪುಸ್ತಕಗಳು ಪುಟದ ತುಂಬ ಬಣ್ಣದ ಚಿತ್ರ, ಅದರ ಮೇಲೆ ಪದರ ಪದರವಾಗಿ ಅಕ್ಷರ ಇರುವ ಭಾರದ ಪಿಡಿಎಫ್‌ಗಳು. ಆಂಡ್ರಾಯ್ಡ್ ಆದರೆ 8 ಜಿಬಿ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. 4 ಜಿಬಿಯಲ್ಲಿ ಒಂದು ಪುಸ್ತಕ ಓದಬಹುದು, ಮೂರು ಪುಸ್ತಕ ಒಟ್ಟಿಗೆ ತೆರೆದಿಟ್ಟುಕೊಂಡು ಆಟ ನಡೆಸುವುದು ಕಷ್ಟ.

ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಹೋದಾಗ ಟೈಪ್ ಸಿ ಪೆನ್ ಡ್ರೈವಿನಲ್ಲಿ ನನ್ನ ಕಡತಗಳನ್ನೇ ಒಯ್ದೆ. ಗೇಮ್ ಎಂದು ಕೇಳಿದೊಡನೆ ಅಂಗಡಿಯ ಹುಡುಗ, "ಹಾಗಾದರೆ ಪ್ರೊಸೆಸರ್ ನೋಡಿ ಮೇಡಂ, ಇದರಲ್ಲಿ ಎಲ್ಲ ಗೇಮ್ ಓಡುತ್ತದೆ" ಎಂದ. "ನನಗೆ ಪುಸ್ತಕ ಓಡಬೇಕಪ್ಪ" ಎಂದು ವಿವರಿಸಿದ ಮೇಲೆ ಪ್ರದರ್ಶನಕ್ಕಿಟ್ಟ ಸಾಧನಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟ. ಒಯ್ದದ್ದು ಎರಡು ಬಗೆಯ ಕಡತ. ಒಂದು ಎಸ್‌ಆರ್‌ಡಿ 5.1, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಸುಮಾರು 400 ಪುಟದ ಪಿಡಿಎಫ್. 2023ರ ಜನವರಿಯಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಚಿತ್ರಗಳಿಲ್ಲದ ಕಾರಣ ಪದ ಹುಡುಕುವ ವೇಗ ಪರೀಕ್ಷಿಸಲು ಅದು ಸಾಕು. ಇನ್ನೊಂದು ನಾನು ಕೊಂಡಿದ್ದ ಸಾಹಸಗಳಲ್ಲೆಲ್ಲ ಅತಿ ಭಾರದ್ದು. ಎರಡನ್ನೂ ಪರದೆಯ ಎರಡು ಭಾಗದಲ್ಲಿ ತೆರೆದೆ. ನಡುವೆ ಬ್ರೌಸರ್ ತೆರೆದೆ, ಕ್ಯಾಮೆರಾ ತೆರೆದೆ, ಮತ್ತೆ ಹಿಂದಿರುಗಿದೆ. ಬಿಟ್ಟ ಪುಟ ಬಿಟ್ಟಲ್ಲೇ ಇದೆಯೇ, ನಕ್ಷೆಯ ಪುಟ ಮಸುಕಾಗಿ ಬಂದು ಸ್ಪಷ್ಟವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದೆ. ಬೇರೆ ಯಾವ ಪರೀಕ್ಷೆಯೂ ಇಷ್ಟು ಹೇಳುವುದಿಲ್ಲ.

ಕೊನೆಗೆ ಕೊಂಡದ್ದು 2023ರಲ್ಲಿ ಬಂದ ಒನ್‌ಪ್ಲಸ್ ಪ್ಯಾಡ್. 11.6 ಇಂಚು, 7:5 ಅನುಪಾತ, ನೆಟ್ಟಗೆ ಹಿಡಿದರೆ ಸುಮಾರು 6.7 ಇಂಚು ಅಗಲ, 8 ಜಿಬಿ ರ್‍ಯಾಮ್. ಬಿಡುಗಡೆಯಾದಾಗ ಅದರ ಬೆಲೆ 37,999 ರೂಪಾಯಿ ಇತ್ತು, ಸಣ್ಣ ಮೊತ್ತವಲ್ಲ. ಅಷ್ಟು ಹಾಕಲು ಮನಸ್ಸಿಲ್ಲದವರಿಗೆ ಚೆನ್ನಾಗಿ ಇಟ್ಟುಕೊಂಡ ಹಳೆಯ 10.2 ಇಂಚಿನ ಐಪ್ಯಾಡ್ ಹುಡುಕಿರಿ ಎನ್ನುತ್ತೇನೆ. ಇವೆರಡರಲ್ಲೂ ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ, ಆದ್ದರಿಂದ ಒಳಗಿನ ಸಂಗ್ರಹ ಎಷ್ಟಿದೆ ಎಂದು ನೋಡಿಕೊಳ್ಳಿ. ಕಪ್ಪು ಬಿಳುಪಿನ ಇ-ಇಂಕ್ ಸಾಧನಗಳನ್ನೂ ಕೈಯಲ್ಲಿ ಹಿಡಿದು ನೋಡಿದೆ. ಕಣ್ಣಿಗೆ ಹಿತ, ಪುಟ ಹಾರಿಸುವುದಕ್ಕೆ ನಿಧಾನ. ಕಥೆ ಓದಲು ಸರಿ, ಕಾಳಗಕ್ಕೆ ಆಗದು.

ಕನ್ನಡದಲ್ಲಿ ಆಟ ನಡೆಸುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಮಾತೆಲ್ಲ ಕನ್ನಡ. ಊರಿನ ವರ್ಣನೆ, ಪಟೇಲನ ಮಾತು, ಆಟಗಾರರ ಕೈಗೆ ಕೊಡುವ ಪತ್ರಗಳನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತೇನೆ. ಹಿಂದೆ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳು ಆ ಫಾಂಟ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವನ್ನು ಮೊದಲೇ ಕಂಪ್ಯೂಟರಿನಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಯೂನಿಕೋಡ್‌ನಿಂದ ಮಾಡಿದ ಕನ್ನಡ ಪಿಡಿಎಫ್‌ಗಳಲ್ಲೂ ಪದ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ, ಏಕೆಂದರೆ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಪಿಡಿಎಫ್ ಒಳಗೆ ಬೇರೆ ಕ್ರಮದಲ್ಲಿ ಕೂತಿರುತ್ತವೆ. ಆದ್ದರಿಂದ ಕನ್ನಡ ಟಿಪ್ಪಣಿಗಳನ್ನು ಪಿಡಿಎಫ್ ಮಾಡದೆ ಸಾದಾ ನೋಟ್ಸ್ ಆ್ಯಪ್‌ನಲ್ಲೇ ಇಟ್ಟಿದ್ದೇನೆ. ಇಂಗ್ಲಿಷ್ ಪುಸ್ತಕಗಳಿಗೆ ಮಾತ್ರ "ಸೇತುವೆ", "ಗುಡಿಯ ನೆಲಮಾಳಿಗೆ" ಎಂದು ಕನ್ನಡದಲ್ಲಿ ಬುಕ್‌ಮಾರ್ಕ್ ಹಾಕಿಕೊಳ್ಳುತ್ತೇನೆ. ಅವಸರದಲ್ಲಿ ನನ್ನ ಭಾಷೆಯ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ.

ಕೆಲವೊಮ್ಮೆ ಮಂಡ್ಯದ ಗೆಳತಿಯ ಮನೆಯಲ್ಲಿ ಆಟ ಇರುತ್ತದೆ. ರೈಲಿನಲ್ಲಿ ಕೂತು ಅಂದಿನ ನಕ್ಷೆಯ ಮೇಲೆ ಪೆನ್ನಿನಿಂದ ಗುರುತು ಮಾಡುತ್ತೇನೆ. ಪೆನ್ ಬೇರೆಯಾಗಿ ಕೊಂಡದ್ದು, ಆದರೆ ಶತ್ರುಗಳ ಹಿಟ್ ಪಾಯಿಂಟ್ ಬರೆದು ಹೊಡೆದುಹಾಕಲು ಅದಿಲ್ಲದೆ ಆಗದು. ಅವರ ಮನೆಯ ಒಳಕೋಣೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ. ಹಾಗಾಗಿ ಎಲ್ಲ ಕಡತಗಳೂ ಸಾಧನದ ಒಳಗೇ ಇರಬೇಕು, ಹೊರಡುವ ಮೊದಲು ಚಾರ್ಜ್ ತುಂಬಿರಬೇಕು.

ಟ್ಯಾಬ್ಲೆಟ್ಟನ್ನೇ ಮೇಜಿನ ನಡುವೆ ಮಲಗಿಸಿ ಕಾಳಗದ ನಕ್ಷೆಯಾಗಿ ಬಳಸಬಹುದೇ ಎಂದು ಕೇಳುವವರಿದ್ದಾರೆ. ಈ ಆಟದಲ್ಲಿ ಒಂದು ಇಂಚಿನ ಚೌಕವೆಂದರೆ ಐದು ಅಡಿ ನೆಲ. ನನ್ನ ಪರದೆಯಲ್ಲಿ ಉದ್ದಕ್ಕೆ ಒಂಬತ್ತು, ಅಡ್ಡಕ್ಕೆ ಆರು ಚೌಕ ಹಿಡಿಸುತ್ತವೆ. ಒಂದು ಸಣ್ಣ ಕೋಣೆಗಷ್ಟೇ ಅದು ಸಾಕು. ನಾನು ಒಂದು ಇಂಚಿನ ಚೌಕ ಗೆರೆ ಹಾಕಿದ ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹರಡಿ, ಬಣ್ಣದ ಪೆನ್ನಿನಿಂದ ಗೋಡೆ, ಬಾಗಿಲು ಬರೆದು, ಹುಣಿಸೆ ಬೀಜಗಳನ್ನು ಶತ್ರುಗಳೆಂದು ಇಡುತ್ತೇನೆ. ಟ್ಯಾಬ್ಲೆಟ್ ನನ್ನ ಎಡಗೈ ಪಕ್ಕದಲ್ಲಿ ಇರುತ್ತದೆ, ಆಟಗಾರರಿಗೆ ಅದರ ಪರದೆ ಕಾಣದಷ್ಟು ಓರೆಯಾಗಿ.