ಕೆಂಚು ಕೂದಲಿಗೆ ಕಂದು ಬಣ್ಣ ಹಚ್ಚುವ ಮುಂಚೆ

ಹುಟ್ಟಿನಿಂದಲೇ ಕೂದಲು ಕೆಂಪಾ? ಹಾಗಾದರೆ ಬರೀ ಮೆಹಂದಿ ಬೇಡ ತಂಗಿ, ಇನ್ನೂ ಕೆಂಪಾಗುತ್ತದೆ. ರಾಯಚೂರಿನ ನನ್ನ ಪಾರ್ಲರ್‌ಗೆ ಬರುವ ಹುಡುಗಿಯರಿಗೆ ನಾನು ‘ಆ್ಯಶ್ ಬ್ರೌನ್’, ಅಂದರೆ ಬೂದಿ ಛಾಯೆಯ ಕಂದು, ತೋರಿಸುತ್ತೇನೆ. ಅದರಲ್ಲಿರುವ ನೀಲಿ-ಹಸಿರು ಛಾಯೆ ಕೆಂಪನ್ನು ತಗ್ಗಿಸುತ್ತದೆ. ಹೊನ್ನಿನ ಛಾಯೆಯ ‘ಗೋಲ್ಡನ್’, ಕೆಂಪು ಛಾಯೆಯ ‘ಮಹೋಗನಿ’ ಮುಟ್ಟಬೇಡ. ತೀರಾ ಗಾಢವೂ ಬೇಡ. ಹಚ್ಚುವುದು ಸುಲಭ, ತೆಗೆಯುವುದು ಕಷ್ಟ. ಮೊದಲ ಸಲ ಅಲ್ವಾ, ತೊಳೆದಂತೆ ಮಾಸುವ ಸೆಮಿ-ಪರ್ಮನೆಂಟ್ ಸಾಕು.

48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡು. ತುರಿಸಿದರೆ ಅಲ್ಲಿಗೇ ಬಿಡು. ಎಷ್ಟೋ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ, ಮುಖವೇ ಊದಿಕೊಳ್ಳುತ್ತದೆ. ಎಷ್ಟೋ ಡಬ್ಬಿಗಳ ಮೇಲೆ 16 ವರ್ಷದ ಒಳಗಿನವರಿಗಲ್ಲ ಎಂದೇ ಬರೆದಿರುತ್ತದೆ. ಓದದೆ, ಅವ್ವನನ್ನು ಕೇಳದೆ ಸುಮ್ನೆ ತರಬೇಡ.

ಹಣೆಯ ಅಂಚಿಗೆ ವ್ಯಾಸಲಿನ್ ಸವರು. ಡಬ್ಬಿಯಲ್ಲಿ ಹೇಳಿದಷ್ಟೇ ಹೊತ್ತು ಬಿಟ್ಟು, ಗಡಿಯಾರ ನೋಡಿ ತೊಳೆ. ಆಮೇಲೆ ನಮ್ಮೂರ ಬಿಸಿಲಿಗೆ ದುಪಟ್ಟಾ ಇಲ್ಲದೆ ತಿರುಗಿದರೆ ಬಣ್ಣ ಬೇಗ ಮಾಸುತ್ತದೆ.