ಹಂಚಿನ ಬೆನ್ನ ಮೇಲಿನ ಇಸವಿ

ನಮ್ಮೂರಿನ ಹಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು. ನೇತ್ರಾವತಿ ದಂಡೆಯಲ್ಲಿ ಈಗ ನಿಂತಿರುವುದು ಅದರ ಚಿಮಣಿ ಮಾತ್ರ. ಕಾರ್ಖಾನೆಯ ಕತೆ ಬರೆದಿಡೋಣ ಅಂತ ಹೊರಟರೆ ಲೆಕ್ಕದ ಪುಸ್ತಕಗಳೆಲ್ಲ ಗೆದ್ದಲಿನ ಪಾಲಾಗಿದ್ದವು. ಸರಿ, ಹಂಚುಗಳನ್ನೇ ಓದೋಣ ಎಂದುಕೊಂಡೆ.

ಮಂಗಳೂರು ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಇಸವಿಯೂ ಅಚ್ಚಾಗಿರುತ್ತದೆ. ಆದರೆ ಅಡುಗೆಮನೆ ಮೇಲಿನ ಹಂಚಿಗೆ ಹೊಗೆಯ ಕರಿ ಮೆತ್ತಿಕೊಂಡು ಏನೂ ಕಾಣುವುದಿಲ್ಲ. ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಿ ಎರಡು ಹಂಚು ಹಾಳು ಮಾಡಿದೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್, ಬರೀ ನೀರು. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಪಡಿಯಚ್ಚು ಸಿಕ್ಕಂತೆ.

ಒಂದು ಮನೆಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾರ್ಖಾನೆಯ ಹಂಚು, ಅದರಲ್ಲಿ 1865. ‘ನಿಮ್ಮ ಮಾಡು 1865ರದ್ದು’ ಎಂದು ಮನೆಯವರಿಗೆ ಜಂಬದಿಂದ ಹೇಳಿಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ ನಕ್ಕುಬಿಟ್ಟರು. ಹುಡುಗಿಯಾಗಿದ್ದಾಗ ನಮ್ಮೂರ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಕತ್ತರಿಸುತ್ತಿದ್ದವರು. ‘ಅದು ಫ್ಯಾಕ್ಟರಿ ಶುರುವಾದ ವರ್ಷ ಮಾರಾಯ್ರೇ, ಹಂಚಿನದ್ದಲ್ಲ!’

ನಿಜ. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಚ್ಚಿನಲ್ಲಿ ಆ ಇಸವಿ ಹಾಗೇ ಉಳಿಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಷನ್ನಿನ ಆಸ್ತಿ ವಶ ಮಾಡಿಕೊಂಡರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಅಂದರೆ ಕಾಲ ಹೇಳುವುದು ಇಸವಿಗಿಂತ ಜಾಸ್ತಿ ಹೆಸರೇ. ಅಲ್ಲಿವರೆಗೆ ಬರೆದಿದ್ದ ನೋಟ್ ಪುಸ್ತಕದ ಅರ್ಧ ಪುಟಗಳನ್ನು ಹೊಡೆದುಹಾಕಿದೆ.

ಅಜ್ಜಿಯ ಮನೆಗೆ ಆಮೇಲೆ ನಾಲ್ಕು ಸಲ ಹೋದೆ. ದೋಣಿಯಲ್ಲಿ ಬರುತ್ತಿದ್ದ ಆವೆಮಣ್ಣು, ಪ್ರೆಸ್ಸಿನ ಸದ್ದು, ಮಳೆಗಾಲದಲ್ಲಿ ಒಣಗದೆ ಉಳಿಯುತ್ತಿದ್ದ ಹಂಚು, ಎಲ್ಲ ಹೇಳಿದರು. ಕೂಲಿ ಎಷ್ಟಿತ್ತು ಅಂತ ಕೇಳಿದರೆ ಮಾತ್ರ ಮಾತು ಬೇರೆ ಕಡೆ ಹೋಗುತ್ತಿತ್ತು. ನಾನೂ ಒತ್ತಾಯ ಮಾಡಲಿಲ್ಲ.

ಕೊನೇ ಸಲ ನಮ್ಮೂರ ಕಾರ್ಖಾನೆಯದ್ದೇ ಒಂದು ಹಂಚು ಒಯ್ದಿದ್ದೆ. ಅಂಚಿನಲ್ಲಿ ಮೂರು ಬೆರಳಿನ ಗುರುತು ಹಾಗೇ ಸುಟ್ಟು ಗಟ್ಟಿಯಾಗಿತ್ತು. ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಇವಳಿಗೆ ಮೇಸ್ತ್ರಿ ಬೈದಿರ್ತಾನೆ’ ಅಂದರು.